ರಸ್ತೆ ನುಣುಪಾಯಿತು, ಸಾವು ಹೆಚ್ಚಿತು: ಒಂದು ಹೆದ್ದಾರಿಯ ಪ್ರಕರಣ

ಅಪಘಾತ ತಡೆಯಲು ಏನು ಮಾಡಬೇಕು ಅಂತ ಯಾರನ್ನು ಕೇಳಿದರೂ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಪೊಲೀಸರು ವೇಗಕ್ಕೆ ಕಡಿವಾಣ ಹಾಕಲಿ ಅನ್ನುವವರಿದ್ದಾರೆ. ರಸ್ತೆ ಸರಿ ಮಾಡಿ, ಉಳಿದದ್ದು ತಾನಾಗಿ ಸರಿಹೋಗುತ್ತದೆ ಅನ್ನುವವರಿದ್ದಾರೆ. ಓಡಿಸುವವರಿಗೆ ಬುದ್ಧಿ ಬರದಿದ್ದರೆ ಏನು ಮಾಡಿದರೂ ಅಷ್ಟೇ ಅನ್ನುವವರು ಎಲ್ಲರಿಗಿಂತ ಜಾಸ್ತಿ. ಇಲ್ಲಿ ಹೇಳುತ್ತಿರುವ ರಸ್ತೆಯಲ್ಲಿ ಈ ಮೂರನ್ನೂ ಒಂದಾದ ಮೇಲೊಂದರಂತೆ ಮಾಡಿ ನೋಡಿದರು. ಯೋಜನೆ ಹಾಕಿ ಮಾಡಿದ್ದಲ್ಲ. ಆಯಾ ಹೊತ್ತಿಗೆ ಯಾರ ಒತ್ತಡ ಜೋರಾಗಿತ್ತೋ ಅವರ ಮಾತು ನಡೆಯಿತು, ಅಷ್ಟೇ.

ಊರು, ಇಲಾಖೆ, ವ್ಯಕ್ತಿಗಳ ಗುರುತು ಸಿಗಬಾರದೆಂದು ಹೆಸರು, ವರ್ಷ ಮತ್ತು ಸಾವಿನ ಲೆಕ್ಕವನ್ನು ಬಿಟ್ಟಿದ್ದೇನೆ. ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಆ ಪ್ರದೇಶದ ರಸ್ತೆ ಸುರಕ್ಷತಾ ಸಮಿತಿಗೆ ಹೊರಗಿನಿಂದ ತಾಂತ್ರಿಕ ಸಲಹೆ ಕೊಡುವ ಕೆಲಸ ನನ್ನದಾಗಿತ್ತು.

ರಸ್ತೆ ಮತ್ತು ಊರು

ಎರಡು ಪಟ್ಟಣಗಳ ನಡುವಿನ ಹೆದ್ದಾರಿ. ಹೋಗಲು ಒಂದು ಸಾಲು, ಬರಲು ಒಂದು ಸಾಲು, ನಡುವೆ ಡಿವೈಡರ್ ಇಲ್ಲ. ಅರ್ಧ ದಾರಿಯಲ್ಲಿ ಒಂದು ಊರು. ಮನೆಗಳೆಲ್ಲ ರಸ್ತೆಯ ಒಂದು ಬದಿಗೆ, ಶಾಲೆ ಮತ್ತು ಬಸ್ ನಿಲ್ದಾಣ ಇನ್ನೊಂದು ಬದಿಗೆ. ಊರು ದಾಟಿ ಸ್ವಲ್ಪ ಮುಂದೆ ಒಂದು ಅಡ್ಡರಸ್ತೆ ಬಂದು ಸೇರುತ್ತದೆ. ಅದಾದ ಮೇಲೆ ಉದ್ದನೆಯ ತಿರುವು. ಲಾರಿಯವರು ರಾತ್ರಿ ಗಾಡಿ ಬದಿಗೆ ಹಾಕಿ ಮಲಗುವುದು ಆ ತಿರುವಿನಲ್ಲೇ. ಈ ಮೂರು ಜಾಗ ನೆನಪಿಟ್ಟುಕೊಂಡರೆ ಸಾಕು.

ಮೊದಲು ಇದು ಕಿರಿದಾದ, ಗುಂಡಿ ಬಿದ್ದ ರಸ್ತೆಯಾಗಿತ್ತು. ಅಪಘಾತಗಳು ಆಗಲೂ ಆಗುತ್ತಿದ್ದವು, ತುಂಬಾನೇ ಆಗುತ್ತಿದ್ದವು. ಗುಂಡಿ ತಪ್ಪಿಸಲು ಹೋಗಿ ಬೈಕ್ ಬೀಳುವುದು, ಕೈ ಮುರಿಯುವುದು, ಎದುರು ಬದುರು ಬಂದ ಗಾಡಿಗಳ ಕನ್ನಡಿ ಒಡೆಯುವುದು. ಸಾವು ಅಪರೂಪ. ಜನ ವರ್ಷಗಟ್ಟಲೆ ಕೇಳಿಕೊಂಡ ಮೇಲೆ ರಸ್ತೆಯನ್ನು ಅಗಲ ಮಾಡಿ, ಹೊಸ ಡಾಂಬರು ಹಾಕಿ, ಅಂಚಿಗೆ ಬಿಳಿ ಗೆರೆ ಎಳೆದರು. ಬದಿಯ ಮಣ್ಣಿನ ಜಾಗಕ್ಕೂ ಡಾಂಬರು ಬಿತ್ತು. ಒಂದು ಪಟ್ಟಣದಿಂದ ಇನ್ನೊಂದಕ್ಕೆ ಹೋಗುವ ಸಮಯ ಗಣನೀಯವಾಗಿ ಇಳಿಯಿತು. ಎಲ್ಲರಿಗೂ ಖುಷಿಯೇ.

ಆ ಖುಷಿ ಒಂದು ವರ್ಷವೂ ಬಾಳಲಿಲ್ಲ. ಸಣ್ಣಪುಟ್ಟ ಅಪಘಾತಗಳು ನಿಜವಾಗಿಯೂ ಕಮ್ಮಿಯಾದವು. ಆದರೆ ಸಾವು ಹೆಚ್ಚಾಯಿತು. ಬಸ್ ನಿಲ್ದಾಣದ ಪಕ್ಕ ಅಂಗಡಿ ಇಟ್ಟುಕೊಂಡಿದ್ದ ಹಿರಿಯರೊಬ್ಬರು ಹೇಳಿದ ಮಾತು ನಾನು ನೋಡಿದ ಯಾವ ವರದಿಗಿಂತಲೂ ಸ್ಪಷ್ಟವಾಗಿತ್ತು: "ಗುಂಡಿ ಇದ್ದಾಗ ಬೀಳ್ತಿದ್ರು ಸಾರ್. ಈಗ ಸಾಯ್ತಾರೆ."

ಸಮಿತಿಯಲ್ಲಿ ಎಂಜಿನಿಯರ್ ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ರಸ್ತೆಯಲ್ಲಿ ತಪ್ಪಿರಲಿಲ್ಲ, ಓಡಿಸುವವರು ಸರಿ ಇರಲಿಲ್ಲ. ನಕ್ಷೆ ನೋಡಿದರೆ ಅವರು ಹೇಳಿದ್ದು ಸರಿಯೇ. ಅಗಲ, ಇಳಿಜಾರು, ಗೆರೆ, ಬೋರ್ಡ್ ಎಲ್ಲ ನಿಯಮದ ಪ್ರಕಾರವೇ ಇದ್ದವು. ತೊಂದರೆ ಇದ್ದದ್ದು ಬೇರೆ ಕಡೆ. ಬಯಲಿನಲ್ಲಿ ಎಷ್ಟು ಅಗಲವಿತ್ತೋ ಅಷ್ಟೇ ಅಗಲ ಊರಿನೊಳಗೂ ಮುಂದುವರಿದಿತ್ತು. ಊರು ಬಂತು ಅಂತ ಹೇಳಲು ಒಂದು ಬೋರ್ಡ್ ಬಿಟ್ಟರೆ ಏನೂ ಇರಲಿಲ್ಲ. ಬೋರ್ಡ್ 50 ಅನ್ನುತ್ತಿತ್ತು, ರಸ್ತೆ 80 ಅನ್ನುತ್ತಿತ್ತು. ಹೀಗಾದಾಗ ಚಾಲಕ ಯಾರ ಮಾತು ಕೇಳುತ್ತಾನೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಇಪ್ಪತ್ತು ಕಿಲೋಮೀಟರ್ ಹೆಚ್ಚಿನ ವೇಗ ಅಂದರೆ ಏನು ಅಂತ ಸಮಿತಿಗೆ ಒಂದು ಲೆಕ್ಕ ಹಾಕಿ ತೋರಿಸಿದ್ದೆ. ಒಣ ರಸ್ತೆ, ಒಳ್ಳೆಯ ಬ್ರೇಕ್, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಸುಮಾರು 28 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ಜಾಗದಲ್ಲಿ ಅದೇ ಮಗುವನ್ನು ನೋಡಿ ಬ್ರೇಕ್ ಒತ್ತಿದ 70ರ ಕಾರು, ಆ 28 ಮೀಟರ್ ಮುಗಿಯುವಾಗ ಇನ್ನೂ 58ರ ಆಸುಪಾಸಿನಲ್ಲಿರುತ್ತದೆ. ಅಂದರೆ ಒಬ್ಬ ಪೂರ್ತಿ ನಿಂತಾಗಿದೆ, ಇನ್ನೊಬ್ಬ ಈಗಷ್ಟೇ ನಿಧಾನ ಮಾಡಲು ಶುರು ಮಾಡಿದ್ದಾನೆ. ಬ್ರೇಕ್ ಒತ್ತಿದ ಮೇಲೆ ಬೇಕಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಹೀಗಾಗುತ್ತದೆ. ಸ್ವೀಡನ್ನಿನ ರಸ್ತೆ ಸುರಕ್ಷತಾ ಸಂಶೋಧಕ ಯೋರಾನ್ ನಿಲ್ಸನ್ ಮಾಡಿದ ಹಳೆಯ ಲೆಕ್ಕವೂ ಇದೆ. ಒಂದು ರಸ್ತೆಯ ಸರಾಸರಿ ವೇಗ ಶೇ. 5ರಷ್ಟು ಇಳಿದರೆ ಸಾವಿನ ಅಪಘಾತ ಸುಮಾರು ಶೇ. 20ರಷ್ಟು ಇಳಿಯುತ್ತದೆ. ಊರೊಳಗಿನ ರಸ್ತೆಗಳಲ್ಲಿ ಈ ಪರಿಣಾಮ ಸ್ವಲ್ಪ ಕಮ್ಮಿ ಅಂತ ಆಮೇಲಿನ ಅಧ್ಯಯನಗಳು ಹೇಳಿದವು. ಆದರೆ ದಿಕ್ಕು ಬದಲಾಗಲಿಲ್ಲ.

ಮೊದಲು ಪಾಠ ಹೇಳಿದರು

ಸಮಿತಿ ಮೊದಲು ಆರಿಸಿಕೊಂಡದ್ದು ಜಾಗೃತಿ ಸಪ್ತಾಹ. ಕಾರಣ ಸರಳ. ಖರ್ಚು ಕಮ್ಮಿ, ಯಾರಿಗೂ ಬೇಜಾರಾಗುವುದಿಲ್ಲ, ಫೋಟೋ ಚೆನ್ನಾಗಿ ಬರುತ್ತದೆ. ಬ್ಯಾನರ್ ಕಟ್ಟಿದರು, ಜಾಥಾ ನಡೆಯಿತು, ಬಸ್ ಮತ್ತು ಲಾರಿ ಚಾಲಕರಿಗೆ ಶಿಬಿರ ಇಟ್ಟರು, ಶಾಲೆಯಲ್ಲಿ ಮಕ್ಕಳಿಗೆ ರಸ್ತೆ ದಾಟುವ ಪಾಠ ಮಾಡಿದರು.

ಅದಾದ ಮೇಲೆ ಹಲವು ತಿಂಗಳು ಆ ರಸ್ತೆಯಲ್ಲಿ ಒಬ್ಬರೂ ಸಾಯಲಿಲ್ಲ. ಸಮಿತಿಗೆ ಮೆಚ್ಚುಗೆಯ ಪತ್ರ ಬಂತು. ಮುಂದಿನ ವರ್ಷದ ಹಣವನ್ನೂ ಇದಕ್ಕೇ ಇಡೋಣ ಅನ್ನುವ ಮಾತು ಶುರುವಾಯಿತು.

ಈ ಪ್ರಕರಣದ ಮೊದಲ ತಿರುವು ಇದು, ಮತ್ತು ಬೇರೆ ಕಡೆಗಳಲ್ಲಿ ಸಾಮಾನ್ಯವಾಗಿ ಎಡವುವುದು ಇಲ್ಲೇ. ನಾವು ಯಾವಾಗ ಎಚ್ಚೆತ್ತುಕೊಳ್ಳುತ್ತೇವೆ? ತೀರಾ ಕೆಟ್ಟ ವರ್ಷ ಬಂದಾಗ. ಒಂದೇ ರಸ್ತೆಯಲ್ಲಿ ಸಾವುಗಳು ಯಾವ ವರ್ಷವೂ ಒಂದೇ ಸಮ ಇರುವುದಿಲ್ಲ, ಏರುತ್ತವೆ, ಇಳಿಯುತ್ತವೆ. ತೀರಾ ಕೆಟ್ಟ ವರ್ಷದ ಮುಂದಿನ ವರ್ಷ ಏನೂ ಮಾಡದೆ ಸುಮ್ನೆ ಕೂತಿದ್ದರೂ ಬಹುಪಾಲು ಸಲ ಸಂಖ್ಯೆ ಇಳಿದೇ ಇಳಿಯುತ್ತದೆ. ಆ ಇಳಿಕೆ ಆ ಹೊತ್ತಿಗೆ ಏನು ಮಾಡಿದ್ದೆವೋ ಅದರ ಖಾತೆಗೆ ಜಮೆಯಾಗುತ್ತದೆ. ಬ್ಯಾನರ್ ಕಟ್ಟಿದ್ದರೆ ಬ್ಯಾನರಿಗೆ, ಹೋಮ ಮಾಡಿಸಿದ್ದರೆ ಹೋಮಕ್ಕೆ. ಸಂಖ್ಯಾಶಾಸ್ತ್ರದವರು ಇದನ್ನು ಸರಾಸರಿಗೆ ಮರಳುವುದು ಅನ್ನುತ್ತಾರೆ.

ಪರೀಕ್ಷೆ ಮಾಡುವುದು ಕಷ್ಟವೇನಲ್ಲ. ಹತ್ತಿರದಲ್ಲೇ ಇಂಥದ್ದೇ ಇನ್ನೊಂದು ಹೆದ್ದಾರಿಯಿತ್ತು. ಅಲ್ಲಿ ಸಪ್ತಾಹ ನಡೆದಿರಲಿಲ್ಲ. ಅಲ್ಲಿನ ಲೆಕ್ಕ ತರಿಸಿದೆವು. ಅಲ್ಲೂ ಅದೇ ತಿಂಗಳುಗಳಲ್ಲಿ ಸಾವು ಇಳಿದಿತ್ತು. ಸಭೆ ಸ್ವಲ್ಪ ಹೊತ್ತು ಗಪ್‌ಚುಪ್. ಆಮೇಲೆ ಒಬ್ಬರು, "ಆದ್ರೂ ಜಾಗೃತಿಯಿಂದ ಕೆಟ್ಟದ್ದಂತೂ ಆಗಲ್ವಲ್ಲ" ಅಂದರು.

ಕೆಟ್ಟದ್ದೂ ಆಗಬಹುದು. ನಾರ್ವೆಯಲ್ಲಿ ಹೊಸ ಚಾಲಕರಿಗೆ ಜಾರುವ ರಸ್ತೆಯಲ್ಲಿ ಗಾಡಿ ನಿಯಂತ್ರಿಸುವ ತರಬೇತಿ ಕಡ್ಡಾಯ ಮಾಡಿದ ಮೇಲೆ, ಯುವಕರು ಜಾರುವ ರಸ್ತೆಯಲ್ಲಿ ಮಾಡಿದ ಅಪಘಾತಗಳು ಹೆಚ್ಚಾದವು. ಕೈ ಪಳಗಿದೆ ಅನ್ನುವ ಧೈರ್ಯ ಕೈಗಿಂತ ಬೇಗ ಬೆಳೆಯಿತು. ಲೈಸೆನ್ಸ್ ಇರುವವರಿಗೇ ಮತ್ತೆ ಪಾಠ ಹೇಳುವ ಕಾರ್ಯಕ್ರಮಗಳ 24 ಪ್ರಯೋಗಗಳನ್ನು 2003ರಲ್ಲಿ ಕಾಕ್ರೇನ್ ಅನ್ನುವ, ಆರೋಗ್ಯದ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಸಂಸ್ಥೆಯ ಪರಿಶೀಲನೆ ಒಟ್ಟಿಗೆ ನೋಡಿತು. ಅಪಘಾತ ಕಮ್ಮಿಯಾಗುತ್ತದೆ ಅನ್ನಲು ಅದಕ್ಕೆ ಆಧಾರ ಸಿಗಲಿಲ್ಲ.

ಹಾಗಂತ ಕಲಿಸುವುದೆಲ್ಲ ದಂಡ ಅಂತ ಅಲ್ಲ. ನ್ಯೂಜಿಲೆಂಡ್ 1987ರಲ್ಲಿ ಹಂತಹಂತದ ಲೈಸೆನ್ಸ್ ತಂದಿತು. ಹೊಸಬರು ಮೊದಮೊದಲು ರಾತ್ರಿ ತಡವಾಗಿ ಒಬ್ಬರೇ ಓಡಿಸುವಂತಿಲ್ಲ, ಗೆಳೆಯರನ್ನು ತುಂಬಿಕೊಂಡು ಹೋಗುವಂತಿಲ್ಲ. ಇಂಥ ಪದ್ಧತಿ ತಂದ ಕಡೆಗಳಲ್ಲಿ ಎಳೆಯ ಚಾಲಕರ ಅಪಘಾತ ಇಳಿದಿದೆ. ಆದರೆ ನೋಡಿ, ಅಲ್ಲಿ ಕೆಲಸ ಮಾಡಿದ್ದು ಉಪದೇಶ ಅಲ್ಲ. ಅಪಾಯದ ಹೊತ್ತಿನಲ್ಲಿ ಅವರನ್ನು ರಸ್ತೆಗೇ ಬಿಡಲಿಲ್ಲ.

ಶಾಲೆಯ ಮುಖ್ಯೋಪಾಧ್ಯಾಯಿನಿ ಆ ಸಭೆಯಲ್ಲಿ ಕೇಳಿದ ಪ್ರಶ್ನೆ ಇನ್ನೂ ನೇರವಾಗಿತ್ತು. "ಎರಡೂ ಕಡೆ ನೋಡಿ ದಾಟಬೇಕು ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ ಸರ್. ಅವರು ನೋಡ್ತಾರೆ ಕೂಡ. ಆದರೆ ಬರ್ತಿರೋ ಗಾಡಿ ಎಷ್ಟು ಜೋರಾಗಿ ಬರ್ತಿದೆ ಅಂತ ಅವರಿಗೆ ಗೊತ್ತಾಗಬೇಕಲ್ಲ?" ಬ್ರಿಟನ್ನಿನಲ್ಲಿ 2011ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದನ್ನೇ ಪರೀಕ್ಷಿಸಿತ್ತು. ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣಿಗೆ, ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ತಮ್ಮತ್ತ ಬರುವ ಗಾಡಿ ಹತ್ತಿರವಾಗುತ್ತಿದೆ ಅನ್ನುವುದೇ ಖಾತ್ರಿಯಾಗಿ ತಿಳಿಯುವುದಿಲ್ಲ. ಕಣ್ಣಿಗೆ ಕಾಣದ್ದನ್ನು ಪಾಠದಿಂದ ಕಾಣಿಸಲು ಆಗುವುದಿಲ್ಲ.

ಮರದ ಕೆಳಗಿನ ಸ್ಪೀಡ್ ಗನ್

ಶಾಂತವಾಗಿದ್ದ ತಿಂಗಳುಗಳು ಮುಗಿದವು. ಶಾಲೆಯ ಎದುರೇ ಒಂದು ಸಾವಾಯಿತು. ಅದೇ ರಾತ್ರಿ ಊರಿನವರು ಕಲ್ಲು ಮಣ್ಣು ತಂದು ರಸ್ತೆಗೆ ಅಡ್ಡಲಾಗಿ ತಾವೇ ಹಂಪ್ ಹಾಕಿದರು. ಬಣ್ಣ ಇಲ್ಲ, ಬೋರ್ಡ್ ಇಲ್ಲ, ದೀಪ ಇಲ್ಲ. ಮರುದಿನ ರಾತ್ರಿ ಬೈಕಿನವನೊಬ್ಬ ಅದರ ಮೇಲೆ ಹಾರಿ ಬಿದ್ದು ಆಸ್ಪತ್ರೆ ಸೇರಿದ. ಅದನ್ನು ತೆಗೆಸಿದರು. ಅದರ ಬದಲಿಗೆ ಸ್ಪೀಡ್ ಗನ್ ಬಂತು.

ಪೊಲೀಸರು ಶಾಲೆಯ ಹತ್ತಿರದ ಮರದ ಕೆಳಗೆ ನಿಂತರು. ದಂಡ ಚೆನ್ನಾಗಿ ಬಿತ್ತು. ನಾನೂ ಒಂದು ಬೆಳಿಗ್ಗೆ ಅಲ್ಲೇ ನಿಂತು ನೋಡಿದೆ. ಎದುರಿನಿಂದ ಬರುವ ಗಾಡಿಗಳ ಮೂತಿ ಗನ್ ಹತ್ತಿರ ಬರುವ ಮೊದಲೇ ತಗ್ಗುತ್ತಿತ್ತು, ಬ್ರೇಕ್ ಬಿದ್ದಾಗ ತಗ್ಗುತ್ತದಲ್ಲ ಹಾಗೆ. ಯಾಕೆ ಅಂದರೆ ಆ ಕಡೆ ಹೋದ ಗಾಡಿಗಳು ಈ ಕಡೆ ಬರುವವರಿಗೆ ಹೆಡ್‌ಲೈಟ್ ಮಿಣುಕಿಸಿ ಸುದ್ದಿ ಕೊಡುತ್ತಿದ್ದವು. ಮರ ದಾಟಿದ ತಕ್ಷಣ ಎಂಜಿನ್ ಸದ್ದು ಮತ್ತೆ ಏರುತ್ತಿತ್ತು. ಮರದ ಹತ್ತಿರ 48, ಬಸ್ ನಿಲ್ದಾಣದ ಹತ್ತಿರ ಮತ್ತೆ ಹಳೆಯ ವೇಗ. ಗನ್ ಹಿಡಿದಿದ್ದ ಕಾನ್‌ಸ್ಟೇಬಲ್ ನಕ್ಕು, "ನಮ್ಮ ಮರ್ಯಾದೆಗೆ ಒಂದು ನೂರು ಮೀಟರ್ ಕೊಡ್ತಾರೆ ಸಾರ್" ಅಂದರು.

ಕ್ಯಾಮೆರಾ, ಗನ್ ಇವುಗಳಿಂದ ಪ್ರಯೋಜನವಿಲ್ಲ ಅನ್ನುವ ತೀರ್ಮಾನಕ್ಕೆ ಸಮಿತಿ ಆಗಲೇ ಬಂದುಬಿಟ್ಟಿತ್ತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ವೇಗದ ಕ್ಯಾಮೆರಾಗಳ ಬಗ್ಗೆ 2010ರ ಕಾಕ್ರೇನ್ ಪರಿಶೀಲನೆಯಲ್ಲಿ ಅಪಘಾತ ಅಳೆದಿದ್ದ 28 ಅಧ್ಯಯನಗಳಿದ್ದವು, 28ರಲ್ಲೂ ಅಪಘಾತ ಕಮ್ಮಿಯಾಗಿತ್ತು. ಅವುಗಳ ಗುಣಮಟ್ಟ ಒಂದೇ ಸಮ ಇರಲಿಲ್ಲ ನಿಜ. ಆದರೂ ಒಂದೂ ಉಲ್ಟಾ ಹೊಡೆಯಲಿಲ್ಲ ಅನ್ನುವುದು ಸಣ್ಣ ಮಾತಲ್ಲ. ಹಾಗಾದರೆ ಇಲ್ಲಿ ಯಾಕೆ ಆಗಲಿಲ್ಲ?

ಕಡತಗಳು

ಉತ್ತರ ಠಾಣೆಯ ಕಡತಗಳಲ್ಲಿತ್ತು. ಹಲವು ವರ್ಷಗಳ ಸಾವಿನ ಅಪಘಾತದ ಕಡತಗಳನ್ನು ಹೊಸದಾಗಿ ಬಂದಿದ್ದ ಪೊಲೀಸ್ ಅಧಿಕಾರಿ ಮೇಜಿನ ಮೇಲೆ ಹಾಕಿಸಿದರು. ಪ್ರತಿಯೊಂದರಲ್ಲೂ ಕಾರಣದ ಜಾಗದಲ್ಲಿ ಒಂದೇ ಸಾಲು: ಅತಿವೇಗ ಮತ್ತು ಅಜಾಗರೂಕತೆಯಿಂದ ವಾಹನ ಚಲಾಯಿಸಿ. ಕಡತ ಯಾವುದೇ ಇರಲಿ, ಸಾಲು ಅದೇ. ತಪ್ಪು ಯಾರದು ಅಂತ ಗೊತ್ತು ಮಾಡಲು ಬರೆಯುವ ವಾಕ್ಯ ಅದು, ಅಪಘಾತ ಹೇಗಾಯಿತು ಅಂತ ತಿಳಿಸಲು ಅಲ್ಲ. ಅದನ್ನೇ ಎಣಿಸಿ ಇಂತಿಷ್ಟು ಭಾಗ ಅಪಘಾತ ಚಾಲಕರ ತಪ್ಪಿನಿಂದ ಅಂತ ಲೆಕ್ಕ ಕೊಟ್ಟರೆ, ಎಣಿಸಿದ ಹಾಗಾಗುವುದು ಬರೆಯುವವರ ಅಭ್ಯಾಸವನ್ನು ಮಾತ್ರ.

ಆ ಅಧಿಕಾರಿ ಆ ಸಾಲನ್ನು ಪಕ್ಕಕ್ಕಿಟ್ಟರು. ಪ್ರತಿ ಕಡತದಿಂದ ನಾಲ್ಕೇ ವಿಷಯ ತೆಗೆಯಿರಿ ಅಂದರು: ಎಲ್ಲಿ, ಎಷ್ಟು ಹೊತ್ತಿಗೆ, ಸತ್ತವರು ಯಾರು, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಗುತ್ತಿದ್ದರು. ಸ್ಥಳದ ಕೈನಕ್ಷೆಗಳು ಒರಟಾಗಿದ್ದರೂ ಅಷ್ಟಕ್ಕೆ ಸಾಕಾದವು. ಗೋಡೆಗೆ ರಸ್ತೆಯ ನಕ್ಷೆ ಅಂಟಿಸಿ ಪಿನ್ ಚುಚ್ಚುತ್ತಾ ಹೋದರು.

ಪಿನ್ನುಗಳು ರಸ್ತೆಯುದ್ದಕ್ಕೂ ಹರಡಿಕೊಳ್ಳಲಿಲ್ಲ. ಬಹುತೇಕ ಎಲ್ಲವೂ ಮೂರೇ ಕಡೆ ಗುಂಪಾದವು. ಶಾಲೆ ಮತ್ತು ಬಸ್ ನಿಲ್ದಾಣದ ಮುಂದೆ ಸತ್ತವರು ರಸ್ತೆ ದಾಟುತ್ತಿದ್ದ ನಡೆಯುವ ಜನ. ಅಡ್ಡರಸ್ತೆಯಲ್ಲಿ ಸತ್ತವರು ಹೆದ್ದಾರಿಗೆ ತಿರುಗುತ್ತಿದ್ದ ಬೈಕಿನವರು. ತಿರುವಿನಲ್ಲಿ ಸತ್ತವರು ರಾತ್ರಿ ನಿಂತ ಲಾರಿಯ ಹಿಂಭಾಗಕ್ಕೆ ಗುದ್ದಿದವರು. ಒಂದೇ ರಸ್ತೆ, ಮೂರು ಬೇರೆ ಬೇರೆ ರೋಗ.

ಹೊತ್ತು ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಸಾವುಗಳು ಹೆಚ್ಚಾಗಿ ಸಂಜೆ ಕತ್ತಲಾಗುವ ಹೊತ್ತಿನಿಂದ ರಾತ್ರಿಯವರೆಗೆ. ಗನ್ ನಿಲ್ಲುತ್ತಿದ್ದುದು ಬೆಳಿಗ್ಗೆ, ಸಿಬ್ಬಂದಿ ಬಿಡುವಾಗಿರುವಾಗ. ಅಡ್ಡರಸ್ತೆಯ ಹತ್ತಿರ ಅದು ಒಂದು ದಿನವೂ ನಿಂತಿರಲಿಲ್ಲ, ಅಲ್ಲಿ ನೆರಳಿಲ್ಲ. ಸಾಯುವ ಹೊತ್ತಿಗೂ ಹಿಡಿಯುವ ಹೊತ್ತಿಗೂ, ಸಾಯುವ ಜಾಗಕ್ಕೂ ಹಿಡಿಯುವ ಜಾಗಕ್ಕೂ ಸಂಬಂಧವೇ ಇರಲಿಲ್ಲ. ಸಿಕ್ಕಿಬೀಳುತ್ತೇವೆ ಅನ್ನುವುದು ಖಾತ್ರಿಯಾದಾಗ ಜನ ನಿಧಾನ ಮಾಡುತ್ತಾರೆ. ದಂಡ ಎಷ್ಟು ದೊಡ್ಡದು ಅನ್ನುವುದು ಆಮೇಲಿನ ಮಾತು. ಇಲ್ಲಿ ಖಾತ್ರಿ ಇದ್ದದ್ದು ಒಂದು ಮರದ ಕೆಳಗೆ, ಊಟದ ಹೊತ್ತಿನವರೆಗೆ.

ಮೂರರಲ್ಲಿ ಯಾವುದು ಒಳ್ಳೆಯದು ಅನ್ನುವ ಜಗಳ ಸಮಿತಿಯಲ್ಲಿ ನಿಂತದ್ದು ಆ ಗೋಡೆಯ ಮುಂದೆ. ಶಾಲೆಯ ಮುಂದಿನ ಪಿನ್ನಿಗೆ ಏನು ಮಾಡಬೇಕು, ಅಡ್ಡರಸ್ತೆಯ ಪಿನ್ನಿಗೆ ಏನು ಅಂತ ಮಾತು ಬದಲಾಯಿತು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಕಮ್ಮಿ ಖರ್ಚಿನ, ಅತಿ ಹೆಚ್ಚು ಕೆಲಸಕ್ಕೆ ಬಂದ ಹೆಜ್ಜೆ ಆ ಪಿನ್ನುಗಳು.

ಬಸ್ಸಿನ ಟೈಮ್

ಇನ್ನೊಂದು ತಿರುವು ಯಾರೂ ನಿರೀಕ್ಷಿಸದ ಕಡೆಯಿಂದ ಬಂತು. ಕಡತಗಳಲ್ಲಿ ಬಸ್ಸುಗಳು ಮತ್ತೆ ಮತ್ತೆ ಕಾಣಿಸಿಕೊಂಡಿದ್ದರಿಂದ ಚಾಲಕರನ್ನು ಕರೆಸಿದರು. ಜಾಗೃತಿ ಶಿಬಿರಕ್ಕೆ ಬಂದವರೇ ಅವರು. ಹಿರಿಯ ಚಾಲಕರೊಬ್ಬರು ಕೊನೆಗೆ ಬಾಯಿ ಬಿಟ್ಟರು: "ನಿಧಾನ ಹೋಗಿ ಅಂತ ನೀವು ಹೇಳ್ತೀರಿ ಸಾರ್, ಸರಿ. ರಸ್ತೆ ಚೆನ್ನಾಯ್ತು ಅಂತ ನಮ್ಮ ಟೈಮ್ ಕಡಿಮೆ ಮಾಡಿದ್ದಾರೆ. ಲೇಟಾದ್ರೆ ವಿವರಣೆ ಬರೆದುಕೊಡಬೇಕು. ನಾವು ಯಾರ ಮಾತು ಕೇಳೋದು?"

ವೇಳಾಪಟ್ಟಿ ತರಿಸಿ ದೂರವನ್ನು ಸಮಯದಿಂದ ಭಾಗಿಸಿ ನೋಡಿದರು. ನಿಲ್ದಾಣಗಳಲ್ಲಿ ನಿಲ್ಲುವ ಸಮಯ ಕಳೆದರೆ, ಊರೊಳಗೆ ವೇಗದ ಮಿತಿ ಪಾಲಿಸಿಕೊಂಡು ಆ ಬಸ್ಸು ಹೊತ್ತಿಗೆ ಸರಿಯಾಗಿ ತಲುಪಲು ಸಾಧ್ಯವೇ ಇರಲಿಲ್ಲ. ಶಿಬಿರದಲ್ಲಿ ಒಂದು ಪಾಠ, ಡಿಪೋದಲ್ಲಿ ಇನ್ನೊಂದು ಪಾಠ. ಡಿಪೋದ ಪಾಠಕ್ಕೆ ಸಂಬಳ ಇತ್ತು.

ವೇಳಾಪಟ್ಟಿಗೆ ಕೆಲವು ನಿಮಿಷ ಸೇರಿಸಿದರು. ದುಡ್ಡು ಖರ್ಚಾಗಲಿಲ್ಲ, ಉದ್ಘಾಟನೆ ಬೇಕಾಗಲಿಲ್ಲ. ಇದು ರಸ್ತೆಯ ಕೆಲಸವೋ, ಕಾನೂನಿನ ಕೆಲಸವೋ, ಶಿಕ್ಷಣವೋ ಅಂತ ಕೇಳಿದರೆ ಯಾವ ಡಬ್ಬಕ್ಕೂ ಸೇರುವುದಿಲ್ಲ. ಅದಕ್ಕೇ ಇರಬೇಕು, ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಏನು ಕಟ್ಟಿದರು

ಶಾಲೆಯ ಮುಂದೆ ಎಂಜಿನಿಯರ್ ಮತ್ತು ಪೊಲೀಸ್ ಅಧಿಕಾರಿ ಮಧ್ಯೆ ದೊಡ್ಡ ವಾದ ನಡೆಯಿತು. ಹೆದ್ದಾರಿಯಲ್ಲಿ ಹಂಪ್ ಹಾಕುವಂತಿಲ್ಲ, ಆಂಬುಲೆನ್ಸ್ ತಡವಾಗುತ್ತದೆ ಅಂತ ಎಂಜಿನಿಯರ್. ಆ ಜಾಗದಲ್ಲಿ ಇದು ಹೆದ್ದಾರಿಯಲ್ಲ, ಊರಿನ ಬೀದಿ ಅಂತ ಪೊಲೀಸ್ ಅಧಿಕಾರಿ. ಕೊನೆಗೆ ಒಪ್ಪಿದ್ದು ಹೀಗೆ. ಊರು ಶುರುವಾಗುವಲ್ಲಿ ರಸ್ತೆಯ ಸಾಲನ್ನು ಎದ್ದು ಕಾಣುವಂತೆ ಕಿರಿದು ಮಾಡುವುದು, ನಡುವೆ ಜನ ನಿಂತು ಉಸಿರು ಬಿಡಲು ಒಂದು ಸಣ್ಣ ಕಟ್ಟೆ, ದಾಟುವ ಜಾಗವನ್ನೇ ನಿಧಾನ ಇಳಿಜಾರಿನೊಂದಿಗೆ ಎತ್ತರಿಸಿ ಮೇಲೆ ಚಪ್ಪಟೆಯಾಗಿ ಬಿಡುವುದು, ಮೇಲೆ ದೀಪ. ಬಸ್ ನಿಲ್ದಾಣವನ್ನು ದಾಟುವ ಜಾಗದಿಂದ ಮುಂದಕ್ಕೆ ಸರಿಸಿದರು. ಮೊದಲು ಬಸ್ಸು ದಾಟುವ ಜಾಗಕ್ಕಿಂತ ಹಿಂದೆ ನಿಲ್ಲುತ್ತಿತ್ತು. ಇಳಿದ ಮಗು ಬಸ್ಸಿನ ಮೂತಿಯ ಮುಂದೆ ನುಸುಳಿ ದಾಟುತ್ತಿತ್ತು, ಪಕ್ಕದಲ್ಲಿ ಬರುವ ಗಾಡಿಗೆ ಆ ಮಗು ಕಾಣುತ್ತಲೇ ಇರಲಿಲ್ಲ.

ಅಡ್ಡರಸ್ತೆಯಲ್ಲಿ ರೌಂಡಬೌಟ್ ಕಟ್ಟಿದರು. ರೌಂಡಬೌಟಿನ ಗುಟ್ಟು ಅಂದರೆ ಅಲ್ಲಿ ನಿಯಮ ಮುರಿಯುವವನೂ ನಿಧಾನ ಮಾಡಲೇಬೇಕು, ಮತ್ತು ಗುದ್ದಿದರೂ ಪಕ್ಕೆಗೆ ನೇರವಾಗಿ ಗುದ್ದುವುದಿಲ್ಲ, ಓರೆಯಾಗಿ ಉಜ್ಜುತ್ತದೆ. ಅಮೆರಿಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಂಕ್ಷನ್‌ಗಳನ್ನು ಹೀಗೆ ಬದಲಿಸಿದ ಮೇಲೆ ಗಾಯದ ಅಪಘಾತಗಳು ಮುಕ್ಕಾಲು ಪಾಲಿನಷ್ಟು ಇಳಿದವು ಅನ್ನುವ ಅಧ್ಯಯನ 2000ದ ಹೊತ್ತಿಗೇ ಬಂದಿತ್ತು.

ಬಯಲಿನ ಭಾಗಕ್ಕೆ ಸರಾಸರಿ ವೇಗ ಅಳೆಯುವ ಕ್ಯಾಮೆರಾ ಅಂತ ನಿರ್ಧಾರವಾಯಿತು. ಎರಡು ತುದಿಯಲ್ಲಿ ಎರಡು ಕ್ಯಾಮೆರಾ, ನಡುವಿನ ದೂರ ಗೊತ್ತು, ನಂಬರ್ ಪ್ಲೇಟ್ ಓದಿ ಸಮಯ ಲೆಕ್ಕ ಹಾಕುತ್ತದೆ. ನಡುವೆ 6 ಕಿಲೋಮೀಟರ್, ಮಿತಿ 80 ಅಂತಿಟ್ಟುಕೊಂಡರೆ, ನಾಲ್ಕೂವರೆ ನಿಮಿಷಕ್ಕಿಂತ ಬೇಗ ಬಂದವರೆಲ್ಲ ಮಿತಿ ಮೀರಿದವರೇ. ಹೆಡ್‌ಲೈಟ್ ಮಿಣುಕಿಸಿ ಪ್ರಯೋಜನವಿಲ್ಲ. ಮೊದಲ ತಿಂಗಳು ದಂಡವಿಲ್ಲದೆ ಬರೀ ಎಚ್ಚರಿಕೆ ಪತ್ರ ಕಳಿಸುವುದು ಅಂತಲೂ ಆಯಿತು.

ಟೆಂಡರ್ ತಕರಾರಿನಿಂದ ಕ್ಯಾಮೆರಾ ತುಂಬಾ ತಡವಾಯಿತು. ಎಲ್ಲರೂ ಬೈದುಕೊಂಡರು. ಆದರೆ ಆ ತಡ ಆಗದೇ ಇದ್ದಿದ್ದರೆ ಯಾವುದರಿಂದ ಏನಾಯಿತು ಅಂತ ಬಿಡಿಸಿ ಹೇಳಲು ಸಾಧ್ಯವೇ ಆಗುತ್ತಿರಲಿಲ್ಲ.

ಆಮೇಲೆ

ರಸ್ತೆ ಬದಲಿಸುವ ಕೆಲಸ ಮುಗಿದು ಕ್ಯಾಮೆರಾ ಇನ್ನೂ ಬಾರದ ದಿನಗಳಲ್ಲಿ ಶಾಲೆಯ ಮುಂದಿನ ವೇಗ ಇಳಿಯಿತು, ಬೆಳಿಗ್ಗೆ ಮಾತ್ರವಲ್ಲ, ರಾತ್ರಿಯೂ. ಪೊಲೀಸರು ಅಲ್ಲಿ ಇರಲಿಲ್ಲ. ದಾಟುವ ಜಾಗದಲ್ಲಿ ಸಾವು ನಿಂತಿತು, ನಾನು ಲೆಕ್ಕ ನೋಡುವವರೆಗೂ ಮರುಕಳಿಸಲಿಲ್ಲ. ಪಕ್ಕದ ಹೆದ್ದಾರಿಯಲ್ಲಿ ಅದೇ ಅವಧಿಯಲ್ಲಿ ಸಾವು ಮೊದಲಿನಂತೆಯೇ ಇತ್ತು. ಆದ್ದರಿಂದ ಈ ಸಲ ಇದು ಬರೀ ಏರಿಳಿತ ಅನ್ನುವುದು ಕಷ್ಟ. ಹಾಗಿದ್ದರೂ ಒಂದೇ ರಸ್ತೆಯ ಸಣ್ಣ ಸಂಖ್ಯೆಗಳಿವು. ನಾನು ಹೆಚ್ಚು ಭರವಸೆ ಇಡುವುದು ಸಾವಿನ ಎಣಿಕೆಗಿಂತ ವೇಗದ ಅಳತೆಯ ಮೇಲೆ. ವೇಗ ಪ್ರತಿದಿನ ಅಳೆಯಬಹುದು, ಅದಕ್ಕಾಗಿ ಯಾರೂ ಸಾಯಬೇಕಾಗಿಲ್ಲ.

ರೌಂಡಬೌಟಿನಲ್ಲಿ ಮೊದಮೊದಲು ಗಲಾಟೆಯೋ ಗಲಾಟೆ. ಯಾರು ಮೊದಲು ಹೋಗಬೇಕು ಅಂತ ಗೊತ್ತಿಲ್ಲದೆ ಬಂಪರ್ ತಾಗಿಸಿಕೊಂಡರು, ಕೆಲವರು ಉಲ್ಟಾ ದಿಕ್ಕಿನಲ್ಲಿ ಸುತ್ತಿದರು. ಸಣ್ಣ ಡಿಕ್ಕಿಗಳು ಹಿಂದಿನದಕ್ಕಿಂತ ಜಾಸ್ತಿಯಾದವು. ರೌಂಡಬೌಟ್ ತೆಗೆಸಿ ಅನ್ನುವ ಮನವಿಯೂ ಬಂತು. ಶಿಕ್ಷಣ ನಿಜವಾಗಿ ಕೆಲಸಕ್ಕೆ ಬಂದದ್ದು ಇಲ್ಲಿ. ವೃತ್ತದೊಳಗೆ ಇರುವವರಿಗೆ ದಾರಿ ಬಿಡಿ ಅನ್ನುವ ಒಂದೇ ವಿಷಯವನ್ನು, ಅದೇ ಜಾಗದಲ್ಲಿ, ಅದೇ ಗಾಡಿಗಳವರಿಗೆ ಕೆಲವು ವಾರ ನಿಂತು ಹೇಳಿಕೊಟ್ಟರು. ಡಿಕ್ಕಿ ಇಳಿಯಿತು. ಎಚ್ಚರದಿಂದಿರಿ ಅನ್ನುವುದು ಯಾರಿಗೂ ಹೊಸದಲ್ಲ. ಇಲ್ಲಿ ಹೀಗೆ ಹೋಗಿ ಅನ್ನುವುದು ಹೊಸದಾಗಿತ್ತು, ಅದಕ್ಕೇ ಕಲಿತರು.

ಕ್ಯಾಮೆರಾ ಕೊನೆಗೂ ಬಂದ ಮೇಲೆ ಬಯಲಿನ ಭಾಗದ ವೇಗವೂ ಇಳಿಯಿತು. ಅದನ್ನು ರಸ್ತೆ ಕಟ್ಟಿ ಇಳಿಸಲು ಆಗುತ್ತಿರಲಿಲ್ಲ, ಅಷ್ಟುದ್ದಕ್ಕೂ ಹಂಪ್ ಹಾಕಲಾಗದು. ಉದ್ದನೆಯ ತೆರೆದ ರಸ್ತೆಗೆ ಕ್ಯಾಮೆರಾ, ಜನ ದಾಟುವ ಜಾಗಕ್ಕೆ ರಸ್ತೆಯ ಬದಲಾವಣೆ ಅನ್ನುವ ಹಂಚಿಕೆ ಹೀಗೆ ಅನುಭವದಿಂದಲೇ ಬಂತು. ಸ್ವೀಡನ್ 1997ರಲ್ಲಿ ಸೊನ್ನೆ ಸಾವಿನ ಗುರಿ ಇಟ್ಟುಕೊಂಡಾಗ ಅದರ ಹಿಂದಿದ್ದ ಯೋಚನೆಯೂ ಹತ್ತಿರದ್ದೇ: ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಸಾವು ಬೆಲೆಯಾಗದಂತೆ ರಸ್ತೆ ಇರಬೇಕು. ಅಲ್ಲಿ ಅಗಲವಾದ ಹೆದ್ದಾರಿಗಳನ್ನು ಮೂರು ಸಾಲಾಗಿ ಗೆರೆ ಹಾಕಿ, ಎದುರು ದಿಕ್ಕುಗಳ ನಡುವೆ ಉಕ್ಕಿನ ಹಗ್ಗದ ತಡೆ ಹಾಕಿದರು. ಮುಖಾಮುಖಿ ಡಿಕ್ಕಿ ಹೆಚ್ಚುಕಮ್ಮಿ ಅಸಾಧ್ಯವಾಯಿತು. ಚಾಲಕರು ಅದೇ ಚಾಲಕರು.

ನಮ್ಮ ರಸ್ತೆಯಲ್ಲಿ ಒಳ್ಳೆಯ ರಸ್ತೆ ಅಂದರೆ ನುಣುಪು ರಸ್ತೆ ಅಂತ ಶುರುವಿನಲ್ಲಿ ಅಂದುಕೊಂಡಿದ್ದರು. ಎಂಜಿನಿಯರ್ ಸಾಹೇಬರೇ ಈಗ ಬೇರೆ ಕಡೆ ರಸ್ತೆ ಅಗಲ ಮಾಡುವಾಗ ಊರು ಬರುವ ಜಾಗದ ನಕ್ಷೆಯನ್ನು ಮೊದಲು ಕೇಳುತ್ತಾರೆ. ಅಗಲ ಮಾಡುವ ಕೆಲಸದಲ್ಲೇ ಕಟ್ಟೆ ಮತ್ತು ಎತ್ತರದ ದಾಟುವ ಜಾಗ ಸೇರಿಸಿದ್ದರೆ ಖರ್ಚು ಎಷ್ಟೋ ಕಮ್ಮಿಯಾಗುತ್ತಿತ್ತು, ಎರಡನೇ ಸಲ ರಸ್ತೆ ಅಗೆಯಬೇಕಾಗಿರಲಿಲ್ಲ.

ಉಳಿದಿರುವ ತಿರುವು

ಲಾರಿ ನಿಲ್ಲುವ ತಿರುವು ಇನ್ನೂ ಸರಿಯಾಗಿಲ್ಲ. ಕ್ಯಾಮೆರಾದಿಂದ ಅಲ್ಲಿನ ವೇಗ ಇಳಿದಿದೆ, ಆದರೆ ದೀಪವಿಲ್ಲದೆ ನಿಂತ ಲಾರಿಗೆ 60ರಲ್ಲಿ ಗುದ್ದಿದರೂ ಬೈಕಿನವನು ಉಳಿಯುವುದು ಕಷ್ಟ. ನಿಲ್ಲಿಸಬೇಡಿ ಅಂತ ಬೋರ್ಡ್ ಹಾಕಿದರು. ಲಾರಿಗಳು ಬೋರ್ಡಿನಿಂದ ಸ್ವಲ್ಪ ಮುಂದೆ ನಿಂತವು.

ಈ ನಡುವೆ ಒಂದು ಕ್ಯಾಮೆರಾ ಕೆಟ್ಟಿತು. ಸುದ್ದಿ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ, ಬಯಲಿನ ವೇಗ ನಿಧಾನವಾಗಿ ಮತ್ತೆ ಏರುತ್ತಿದೆ. ಶಾಲೆಯ ಮುಂದೆ ಏರಿಲ್ಲ. ಈಗಿರುವ ಹಣದಲ್ಲಿ ಒಂದೇ ಕೆಲಸ ಆಗುತ್ತದೆ: ಕ್ಯಾಮೆರಾ ರಿಪೇರಿ ಮತ್ತು ನಿರ್ವಹಣೆಯ ಗುತ್ತಿಗೆ, ಇಲ್ಲವೇ ತಿರುವಿಗೆ ಮೊದಲು ರಸ್ತೆಯಿಂದ ಒಳಗೆ ಲಾರಿ ನಿಲ್ಲಿಸಲು ಜಾಗ. ಪೊಲೀಸ್ ಅಧಿಕಾರಿಗೆ ಕ್ಯಾಮೆರಾ ಬೇಕು. ಎಂಜಿನಿಯರ್‌ಗೆ ನಿಲುಗಡೆ ಜಾಗ ಬೇಕು. ನಾನು ಬರೆದುಕೊಟ್ಟದ್ದು ನಿಲುಗಡೆ ಜಾಗ ಮೊದಲು ಅಂತ. ದಣಿದ ಚಾಲಕ ಎಲ್ಲಾದರೂ ನಿಲ್ಲಿಸಲೇಬೇಕು, ಬೇಡ ಅಂದ ಮಾತ್ರಕ್ಕೆ ಅವನ ನಿದ್ದೆ ಹೋಗುವುದಿಲ್ಲ. ಕ್ಯಾಮೆರಾವನ್ನು ಮುಂದಿನ ಸಲದ ಹಣದಲ್ಲಿ ಸರಿ ಮಾಡಬಹುದು.

"ಜಾಗ ಮಾಡಿಕೊಟ್ರೆ ಸಾಲಲ್ಲ ಸರ್" ಅಂದರು ಪೊಲೀಸ್ ಅಧಿಕಾರಿ. "ದೀಪ, ನೀರು, ಶೌಚಾಲಯ ಇಲ್ಲದೆ ಇದ್ರೆ ಅಲ್ಲಿ ಯಾರು ನಿಲ್ಲಿಸ್ತಾರೆ?" ಅವರ ಮಾತು ಸರಿ ಅನಿಸಿ ಅಂದಾಜು ಪಟ್ಟಿಗೆ ಆ ಮೂರನ್ನೂ ಸೇರಿಸಿದರು. ಮೊತ್ತ ಏರಿದ್ದರಿಂದ ಕಡತ ಈಗ ಮೇಲಿನ ಕಚೇರಿಯ ಒಪ್ಪಿಗೆಗೆ ಹೋಗಿದೆ.